ಕನ್ವರ್ಟರಿನೊಳಗಿನ ಫಣಿ

೨೦೧೩ರ ಜನವರಿ ೧೯ರಂದು ಬೆಳಿಗ್ಗೆ ಬನಹಟ್ಟಿ ಠಾಣೆಗೆ ಬಂದ ಹಿಪ್ಪರಗಿಯ ಮಾಳು ಹೆತ್ತ ತಂದೆಯ ಮೇಲೆಯೇ ದೂರು ಕೊಟ್ಟ. ಹಿಂದಿನ ಸಂಜೆ ಅವನು ಕಬ್ಬಿನ ಟ್ರ್ಯಾಕ್ಟರಿನೊಂದಿಗೆ ಫ್ಯಾಕ್ಟರಿಗೆ ಹೋಗಿದ್ದಾಗ ಹೆಂಡತಿ ರಂಜನಾಳಿಗೆ ಹೆರಿಗೆ ನೋವು ಬಂದಿತ್ತು. ತಂದೆ ಪಾಂಡಪ್ಪ ತನ್ನ ಬಾಡಿಗೆ ವ್ಯಾನಿನಲ್ಲಿ ಆಕೆಯನ್ನು ಜಮಖಂಡಿ ಆಸ್ಪತ್ರೆಗೆ ಒಯ್ಯುತ್ತಿದ್ದ. ರಬಕವಿಯ ಹತ್ತಿರ ವ್ಯಾನು ರಸ್ತೆ ಬಿಟ್ಟು ಕಬ್ಬಿನ ಹೊಲಕ್ಕೆ ನುಗ್ಗಿತು. ರಂಜನಾ ಉಳಿದಳು, ಕೂಸು ಹೊಟ್ಟೆಯಲ್ಲೇ ಸತ್ತಿತ್ತು.

"ನಮ್ಮಪ್ಪ ಕುಡದು ಗಾಡಿ ಹೊಡದಾನ್ರಿ. ಅವನ್ನ ಒಳಗ ಹಾಕ್ರಿ."

"ಕುಡದಿದ್ದು ನೋಡಿದ್ಯಾ?" ಪಿಎಸ್‌ಐ ಶಿದ್ರಾಮಪ್ಪ ಕೇಳಿದ.

"ನೋಡೋದೇನೈತ್ರಿ? ಮೊದ್ಲ ದಿನಾ ಕುಡೀತಿದ್ದ. ಸ್ಟೇರಿಂಗ್ ಮ್ಯಾಲ ತಲಿ ಇಟ್ಟು ಬಿದ್ದಿದ್ದನಂತ."

ಅಜಾಗರೂಕ ಚಾಲನೆಯ ಕಲಂ ಹಾಕಿ ಎಫ್‌ಐಆರ್ ಆಯಿತು. ಹುಟ್ಟದೇ ಸತ್ತ ಕೂಸನ್ನು ಯಾವ ಕಲಮಿಗೆ ಸೇರಿಸಬೇಕೆಂದು ರೈಟರ್ ಕೇಳಿದ. ಶಿದ್ರಾಮಪ್ಪ ಜೀಪು ಹತ್ತಿದ. ಮಗ ಅಪ್ಪನನ್ನು ಜೈಲಿಗೆ ಕಳಿಸಲು ಇಷ್ಟು ಅವಸರ ಮಾಡುವುದು ಅವನಿಗೆ ಸೇರಿರಲಿಲ್ಲ. ಪಾಂಡಪ್ಪ ಕುಡಿದಿದ್ದರೆ ಅದಕ್ಕಿಂತ ಅಸಹ್ಯ ಇನ್ನೊಂದಿಲ್ಲ ಎಂದೂ ಅನಿಸಿತ್ತು.

ಆಸ್ಪತ್ರೆಯಲ್ಲಿ ಪಾಂಡಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಪಕ್ಕದ ಮಂಚದ ಮೇಲಿದ್ದ ಹೆಂಡತಿ ತಂಗೆವ್ವನೇ ಮಾತಾಡಿದಳು. ಆಕೆಯೂ ವ್ಯಾನಿನಲ್ಲಿದ್ದಳು.

"ಬೀರಪ್ಪ ದೇವರ ಭಂಡಾರ ಮುಟ್ಟಿ ಆಣಿ ಮಾಡಿ ಕುಡಿಯೂದು ಬಿಟ್ಟಾರ್ರಿ. ಕುಡದಿಲ್ಲ. ಥಂಡಿ ಅಂತ ಕಿಡಕಿ ಹಾಕಿದ್ವಿ. ಮೊದ್ಲ ನನಗ ತಲಿ ಸಿಡ್ಯಾಕತ್ತು, ವಾಂತಿ ಬಂದಂಗಾತು. ಸೊಸಿ ಮಾತಾಡೂದ ನಿಲ್ಲಿಸಿದ್ಲು. ಆಮ್ಯಾಲ ನನಗ ಏನೂ ಖಬರಿಲ್ಲ."

ಮೂವರಿಗೂ ಒಂದೇ ರೀತಿ ಆಗಿದೆ, ಇದು ಹೊಗೆಯ ವಿಷದಂತೆ ಕಾಣುತ್ತದೆ ಎಂದು ವೈದ್ಯರು ಹೇಳಿದರು. ಪಾಂಡಪ್ಪನ ರಕ್ತದ ಮಾದರಿ ಪರೀಕ್ಷೆಗೆ ಹೋಯಿತು.

"ಗಾಡಿ ಏನರ ರಿಪೇರಿ ಮಾಡಿಸಿದ್ಯಾ?" ಶಿದ್ರಾಮಪ್ಪ ಕೇಳಿದ.

ಪಾಂಡಪ್ಪ ಗೋಡೆ ನೋಡುತ್ತಲೇ ಹೇಳಿದ. "ಹೋದ ತಿಂಗಳ ಹೊಗಿ ತಪಾಸಣ್ಯಾಗ ಪಾಸಾಗ್ಲಿಲ್ರಿ. ಕನ್ವರ್ಟರ್ ಹೋಗೇತಿ ಅಂದ್ರು. ಕಂಪನಿದು ಭಾಳ ತುಟ್ಟಿ. ಬರೇ ಪೈಪ್ ಜೋಡಿಸ್ತೀನಿ, ಪಾಸಾದ ಚೀಟಿ ನಾನ ಕೊಡಿಸ್ತೀನಿ ಅಂದ ಗ್ಯಾರೇಜಿನ ಮೇಸ್ತ್ರಿ. ನಾ ಒಲ್ಲೆ ಅಂದೆ. ಸರಕಾರದ ಮಂಜೂರಿ ಇರೂದು, ನನ್ನ ಎಂಜಿನ್ನಿಗೆ ಹೊಂದೂದು ಕೊಡು ಅಂತ ಕೇಳಿ ಹಾಕಿಸಿದೆ. ಸೊಸಿ ಬಸರಿ ಅದಾಳ, ಹೊಗಿ ಆಗಬಾರ್ದು ಅಂತ."

ಅಷ್ಟು ಹೇಳಿ ಮುಸುಕು ಎಳೆದುಕೊಂಡ.

ಕನ್ವರ್ಟರ್ ಎಂದರೆ ಎಂಜಿನ್ನಿನ ಹೊಗೆ ಹಾಯ್ದು ಹೋಗುವ ಉಕ್ಕಿನ ಡಬ್ಬಿ. ಅದರೊಳಗೆ ಜೇನುಹಲ್ಲೆಯಂಥ ಸಣ್ಣ ತೂತುಗಳ ಇಟ್ಟಿಗೆ ಇರುತ್ತದೆ. ಅದಕ್ಕೆ ಹಚ್ಚಿದ ಲೋಹ ಹೊಗೆಯ ವಿಷವನ್ನು ಮುರಿಯುತ್ತದೆ. ಇದನ್ನು ಠಾಣೆಯ ಅಂಗಳದಲ್ಲಿ ವಿವರಿಸಿದವರು ಜಮಖಂಡಿಯಿಂದ ಕರೆಸಿದ್ದ ಮೋಟಾರು ವಾಹನ ನಿರೀಕ್ಷಕರು. ವ್ಯಾನನ್ನು ಚಾಲೂ ಮಾಡಿದಾಗ ಸೀಟಿನ ಕೆಳಗಿನ ಎಂಜಿನ್ನಿನ ಸುತ್ತಲಿಂದ ಹೊಗೆ ಮೇಲೆದ್ದಿತು. ಕನ್ವರ್ಟರಿನ ಜೋಡಣೆ ಬಾಯಿ ಬಿಟ್ಟಿತ್ತು. ಡಬ್ಬಿಯ ಮೇಲೆ ಮಂಜೂರಾತಿಯ ಸಂಖ್ಯೆ ಇತ್ತಾದರೂ ಅದು ಲೋಹದಲ್ಲಿ ಒತ್ತಿದ್ದಲ್ಲ, ಅಂಟಿಸಿದ ಚೀಟಿ.

ಇಬ್ಬರು ಪಂಚರ ಸಮಕ್ಷಮ ಡಬ್ಬಿ ಕೊಯ್ದು ಪಂಚನಾಮೆ ಮಾಡಿದರು. ಒಳಗೆ ಇಟ್ಟಿಗೆ ಇರಲಿಲ್ಲ. ಸುರುಳಿ ಸುತ್ತಿ, ತಂತಿಯಿಂದ ಕಟ್ಟಿ ತುರುಕಿದ ತೆಳ್ಳನೆಯ ಉಕ್ಕಿನ ಪಟ್ಟಿಗಳಿದ್ದವು. ತುದಿಯಿಂದ ಇಣುಕಿದರೆ ಜೇನುಹಲ್ಲೆಯ ಹಾಗೇ ಕಾಣುತ್ತಿತ್ತು. ಬಿಸಿಗೆ ಪಟ್ಟಿಗಳು ಸೊಟ್ಟಗಾಗಿ ಹೊಗೆಯ ದಾರಿ ಕಟ್ಟಿದ್ದವು, ಅದರ ಒತ್ತಡಕ್ಕೇ ಜೋಡಣೆ ಸಡಿಲಾಗಿತ್ತು.

ಮಹಿಳಾ ಕಾನ್‌ಸ್ಟೆಬಲ್ ಪೂರ್ಣಿಮಾ ಬಗ್ಗಿ ನೋಡಿದಳು. ಆಕೆ ರಬಕವಿಯ ನೇಕಾರರ ಮಗಳು.

"ಇದು ಫಣಿ ಸರ್. ಮಗ್ಗದಾಗ ನೂಲು ಹಾಯ್ತೈತಲ್ರಿ, ಹಲ್ಲಿಂದು, ಅದು. ಹಳೇವು ಕೊಯ್ದು ಸುತ್ತ್ಯಾರ."

"ಯಾರಾದ್ರೂ ಗುಜರಿಯಿಂದ ತಂದಿರಬಹುದಲ್ಲ?" ಶಿದ್ರಾಮಪ್ಪ ಕೇಳಿದ.

"ತಂದಿರಬಹುದ್ರಿ. ಆದ್ರ ತಂತಿ ನೋಡ್ರಿ. ಗ್ಯಾರೇಜಿನವರು ಪಕ್ಕಡದಿಂದ ತಿರುವ್ತಾರ. ಇಲ್ಲಿ ಗಂಟು ಹಾಕ್ಯಾರ, ಹರದ ಎಳಿ ಕೂಡಸೋ ಗಂಟು. ಸಣ್ಣಂದಿನಿಂದ ಮಗ್ಗದ ಮುಂದ ಕುಂತವ್ರಿಗೆ ಕೈ ತಾನ ಹಂಗ ಹೋಗ್ತೈತಿ."

ವ್ಯಾನು ರಿಪೇರಿ ಮಾಡಿದ ತುಕಾರಾಮನ ಗ್ಯಾರೇಜು ಮಹಾಲಿಂಗಪುರದ ಬಸ್ ನಿಲ್ದಾಣದ ಹಿಂದಿತ್ತು. ಅವನು ಮೊದಲು ಬಿಲ್ಲಿಲ್ಲ ಎಂದ, ಆಮೇಲೆ ನೆನಪಿಲ್ಲ ಎಂದ.

"ಮಾಲು ಎಲ್ಲಿಂದು?"

"ಬನಹಟ್ಟಿಯಿಂದ ಬಸ್ಸಿನಾಗ ಬರ್ತೈತ್ರಿ. ತಪಾಸಣೆ ಪಾಸಾದ ಚೀಟಿನೂ ಮಾಲಿನ ಜೋಡಿನ ಇರ್ತೈತಿ. ಕಳಸವ್ನ ಮಾರಿ ನೋಡಿಲ್ಲ, ಫೋನಿನ್ಯಾಗ ಮಾತು ಅಷ್ಟ."

ಗಾಡಿ ನೋಡದೆಯೇ ಗಾಡಿ ಶುದ್ಧವೆಂಬ ಚೀಟಿ! ಶಿದ್ರಾಮಪ್ಪನಿಗೆ ಹೇಸಿಕೆಯಾಯಿತು. ತುಕಾರಾಮನನ್ನು ಜೀಪಿನಲ್ಲಿ ಕೂರಿಸಿದ. ಮಾಲು ಕಳಿಸುವವನ ಫೋನ್ ನಂಬರು ಸುಳ್ಳು ಹೆಸರಿನಲ್ಲಿತ್ತು.

ಮರುದಿನ ಪೂರ್ಣಿಮಾ ಸೀರೆ ಉಟ್ಟು ಬನಹಟ್ಟಿಯ ಗುಜರಿ ಅಂಗಡಿಗಳಿಗೆ ಹೋಗಿ ಹಳೆ ಫಣಿ ಬೇಕೆಂದು ಕೇಳಿದಳು. ಮೂರನೆಯ ಅಂಗಡಿಯವನು ನಕ್ಕ. "ಎಲ್ಲಾ ಕಾಶಪ್ಪ ಒಯ್ತಾನವ್ವ. ಮಗ್ಗ ಮಾರಿ ವರ್ಷಾತು, ಫಣಿ ತಗೊಂಡು ಏನ್ ಮಾಡ್ತಾನೋ!"

ಕಾಶಪ್ಪ ಈಗ ಮೋಟಾರು ಬಿಡಿಭಾಗಗಳ ವ್ಯಾಪಾರಿ. ಮಧ್ಯಾಹ್ನ ಅವನ ಮನೆಯ ಹಿಂದಿನ ಮಗ್ಗದ ಶೆಡ್ಡಿಗೆ ಪೊಲೀಸರು ಹೊಕ್ಕಾಗ ಅವನು ನೆಲದ ಮೇಲೆ ಕೂತು ಫಣಿ ಸುತ್ತುತ್ತಿದ್ದ. ಕೈಯಲ್ಲಿ ಅರ್ಧ ಬಿಗಿದ ಗಂಟಿತ್ತು. ಗೋಡೆಗೆ ಒರಗಿಸಿದ್ದ ಖಾಲಿ ಡಬ್ಬಿಗಳು, ಮಂಜೂರಾತಿಯ ಚೀಟಿಗಳು, ಹೆಸರು ಬರೆಯದ ತಪಾಸಣೆ ಪತ್ರಗಳು, ಎಲ್ಲವೂ ಪಂಚನಾಮೆಗೆ ಸೇರಿದವು. ಮೋಸ, ಖೊಟ್ಟಿ ದಾಖಲೆ ಮತ್ತು ಜೀವಕ್ಕೆ ಅಪಾಯ ತಂದ ಕಲಮುಗಳಡಿ ಅವನನ್ನು ಬಂಧಿಸಲಾಯಿತು.

ರಕ್ತದ ವರದಿ ಬಂದಾಗ ಅದರಲ್ಲಿ ಮದ್ಯದ ಅಂಶವಿರಲಿಲ್ಲ, ಹೊಗೆಯ ವಿಷವಿತ್ತು. ಶಿದ್ರಾಮಪ್ಪ ಮಾಳುವನ್ನು ಕರೆಸಿ ಓದಿ ಹೇಳಿದ. ಮಾಳು ಆಸ್ಪತ್ರೆಗೆ ಹೋಗಿ ಅಪ್ಪನ ಕಾಲ ಹತ್ತಿರ ನಿಂತ.

"ಯಪ್ಪಾ, ನೀ ಕುಡದಿದ್ದಿಲ್ಲಂತ."

"ನನಗ ಗೊತ್ತೈತಿ," ಪಾಂಡಪ್ಪ ಹೇಳಿದ. "ನಿನಗ ಪೊಲೀಸರು ಹೇಳಬೇಕಾತಲ್ಲೋ."

ಅವನು ಮತ್ತೆ ಗೋಡೆಯ ಕಡೆ ಹೊರಳಿದ. ರಂಜನಾ ತವರಿಗೆ ಹೋಗಬೇಕೆಂದು ಹಟ ಹಿಡಿದಿದ್ದಳು.

ಠಾಣೆಯಲ್ಲಿ ಕಾಶಪ್ಪ ಅಳಲಿಲ್ಲ, ಬೇಡಿಕೊಳ್ಳಲಿಲ್ಲ. ಚಹಾ ಕೇಳಿ ಕುಡಿದ. ಅವನು ಬಡತನಕ್ಕೆ ಸಿಕ್ಕಿ ಈ ಕೆಲಸಕ್ಕೆ ಇಳಿದವನಲ್ಲ.

"ಎಷ್ಟು ಗಾಡಿಗೆ ಹೋಗ್ಯಾವ?"

"ಲೆಕ್ಕ ಇಟ್ಟಿಲ್ರಿ."

"ಯಾಕ ಮಾಡ್ದಿ?"

ಕಾಶಪ್ಪ ಬೇಸರದಿಂದಲೇ ಹೇಳಿದ. "ಸೀರಿ ನೇಯ್ದು ಒಯ್ದ್ರ ಸಾವಕಾರ ಬೆಳಕಿಗೆ ಹಿಡದು ನೋಡ್ತಿದ್ದ್ರಿ. ಒಂದ ಎಳಿ ಹರದಿದ್ರ ಮಾರಿಗೆ ಒಗೀತಿದ್ದ. ನಮ್ಮಪ್ಪ ಕೈ ಮುಗದು ಆರಿಸ್ಕೊಂಡು ಬರ್ತಿದ್ದ. ಇದರಾಗ ನೋಡ್ರಿ, ಯಾರೂ ಒಳಗ ಇಣಕಿ ನೋಡೂದಿಲ್ಲ. ಮ್ಯಾಲ ಚೀಟಿ ಇದ್ರ ಆತು."

ಶಿದ್ರಾಮಪ್ಪನಿಗೆ ಅವನ ಅಪ್ಪನ ಬಗ್ಗೆ ಒಂದು ಕ್ಷಣ ಮರುಕ ಹುಟ್ಟಿತು. ಅಂಗಳದಲ್ಲಿ ಜಪ್ತಿ ಮಾಡಿ ತಂದಿದ್ದ ಕಾಶಪ್ಪನ ಸ್ವಂತ ವ್ಯಾನು ನಿಂತಿತ್ತು.

"ನಿನ್ನ ಗಾಡಿಗೆ ಯಾವುದು ಹಾಕಿದ್ದಿ?"

"ಕಂಪನಿದು."

"ಯಾಕ?"

ಇದೇನು ಪ್ರಶ್ನೆ ಎಂಬಂತೆ ಕಾಶಪ್ಪ ತಲೆ ಎತ್ತಿದ. "ದಿನಾ ಮೊಮ್ಮಕ್ಕಳು ಸಾಲಿಗೆ ಅದರಾಗ ಹೋಗ್ತಾವಲ್ರಿ."

ಹೇಳಿಕೆ ಬರೆಯುತ್ತಿದ್ದ ಪೂರ್ಣಿಮಾ ಪೆನ್ನು ಕೆಳಗಿಟ್ಟು ಎದ್ದು ಹೊರಗೆ ಹೋದಳು. ಉಳಿದದ್ದನ್ನು ಶಿದ್ರಾಮಪ್ಪನೇ ಬರೆದುಕೊಂಡ.