ಹುಳ ಮುಟ್ಟದ ಬಳ್ಳಿ

"ಬಾವಿ ಹತ್ರದ ಆ ಬಳ್ಳಿಯಿಂದ ಮಾತ್ರ ತುಂಡು ತಗೋಬೇಡಿ ಮೇಷ್ಟ್ರೇ," ಎಂದಳು ಗೆಣಸು ನೆಡಲು ಬಂದ ಮುದುಕಿ. "ಬುಡದಲ್ಲಿ ಮಾಟ ಹೂತಿದಾರೆ. ಕತ್ತರಿಸಿದೋರಿಗೆ ಯಾರು ಪ್ರಾಣಾನೋ, ಅವರ ಮೈ ಬಿರಿಯುತ್ತೆ."

ಮೇಷ್ಟ್ರು ನಕ್ಕರು. ಓದಿದವರಲ್ಲವೇ, ನಗದಿದ್ದರೆ ಹೇಗೆ? ವಿಜ್ಞಾನದ ಪಾಠ ಬಿಟ್ಟು, ತಾಯಿಯಿಲ್ಲದ ಮಗಳನ್ನು ಕರೆದುಕೊಂಡು, ವಿಷ ಹೊಡೆಯದೆ ಗೆಣಸು ಬೆಳೆದು ಮಾರುತ್ತೇನೆಂದು ಬಂದವರು. ಆ ಸುಡುಬಿಸಿಲಿನಲ್ಲಿ ಉಳಿದ ಬಳ್ಳಿಗಳಿಗೆಲ್ಲ ಹುಳ ಹತ್ತಿತ್ತು. ಅದೊಂದಕ್ಕೆ ಇರುವೆಯೂ ಏರಿರಲಿಲ್ಲ. ಅದನ್ನೇ ಗೇಣುಗೇಣು ಕತ್ತರಿಸಿ ಹೊಲದ ತುಂಬ ನೆಟ್ಟರು. ಮುದುಕಿ ತನ್ನ ಕುಡುಗೋಲನ್ನೂ ಮರೆತು ಹೊರಟುಹೋದಳು.

ನಾಲ್ಕು ತಿಂಗಳಿಗೆ ತೋಳುಗಾತ್ರದ ಗೆಣಸು. ಒಂದಕ್ಕೂ ಹುಳವಿಲ್ಲ. ಅಗೆಯುವಾಗ ಗುದ್ದಲಿ ತಾಗಿದವನ್ನೂ ಸೇರಿಸಿ ಎಲ್ಲವನ್ನೂ ಬಿಸಿಕೋಣೆಗೆ ತುಂಬಿದರು. ಕಿಟಕಿಯಿಲ್ಲದ, ಗೋಡೆ ಬೆವರುವ ಕೋಣೆ ಅದು. ಅಲ್ಲಿ ವಾರವಿಟ್ಟರೆ ಗೆಣಸಿನ ಗಾಯದ ಮೇಲೆ ಹೊಸ ಸಿಪ್ಪೆ ಕಟ್ಟುತ್ತದೆ. ಆಮೇಲೆಯೇ ಮಾರಾಟ.

ಮರುದಿನ ನಡುಮಧ್ಯಾಹ್ನ ಬಾಗಿಲು ತೆರೆದರು. ಸಿಹಿ ಘಮಲಿನಡಿಯಲ್ಲಿ ಹಸಿ ರಕ್ತದ ವಾಸನೆ. ಕತ್ತಲೊಳಗೆ ಚಿಟ್ ಚಿಟ್ ಎಂಬ ಸದ್ದು. ಟಾರ್ಚ್ ಹಾಕಿದರು. ಗಾಯಗಳು ಕಣ್ಣೆದುರೇ ಕೂಡಿಕೊಳ್ಳುತ್ತಿದ್ದವು. ಮುಟ್ಟಿದರು. ಹೊಸ ಸಿಪ್ಪೆ ಬೆಚ್ಚಗಿತ್ತು. ಅದರ ಮೇಲೆ ಮನುಷ್ಯರ ಮೈಯಲ್ಲಿರುವಂಥ ನವಿರು ಕೂದಲು.

ಹೊರಗೆ ಮಗಳು ಚೀರಿದಳು.

ಮೊಣಕೈ ಬಿರಿದಿತ್ತು. ಯಾರೂ ಮುಟ್ಟಿರಲಿಲ್ಲ. ನೋಡನೋಡುತ್ತ ಬೆನ್ನಲ್ಲಿ ಇನ್ನೊಂದು ಗಾಯ. ಒಳಗೊಂದು ಮುಚ್ಚಿದರೆ ಇವಳಲ್ಲೊಂದು ತೆರೆಯುತ್ತಿತ್ತು. ಒಳಗೆ ಇನ್ನೂ ನೂರಾರಿದ್ದವು. ಮೇಷ್ಟ್ರು ಮಗಳನ್ನು ಹೊತ್ತುಕೊಂಡು ಮುದುಕಿಯ ಮನೆಗೆ ಓಡಿದರು.

ಅವಳು ಬಾಗಿಲನ್ನು ಪೂರ್ತಿ ತೆರೆಯಲಿಲ್ಲ. "ಬಳ್ಳಿ ಕತ್ತರಿಸಿದ ಕೈಯಿಂದ ಒಂದು ಬೆರಳು ಆ ಬುಡಕ್ಕೆ ಕೊಡಿ. ಬೇರೆ ದಾರಿ ಇಲ್ಲ."

ಬಾವಿ. ಕುಡುಗೋಲು. ಒಂದೇ ಏಟು. ಬೆರಳನ್ನು ಮಣ್ಣು ನುಂಗಿತು. ಮಗಳ ಅಳು ನಿಂತಿತು.

ಗೆಣಸನ್ನೆಲ್ಲ ಸುಟ್ಟರು. ಬಳ್ಳಿಯನ್ನು ಬೇರುಸಹಿತ ಕಿತ್ತರು. ಬೆರಳು ಹೋದರೆ ಹೋಗಲಿ, ಮಗು ಉಳಿಯಿತಲ್ಲ ಎಂದು ಸಮಾಧಾನಪಟ್ಟುಕೊಂಡರು. ಗಾಯದ ಬಟ್ಟೆಯನ್ನು ದಿನವೂ ಮಗಳೇ ಬದಲಿಸುತ್ತಿದ್ದಳು. ಅಂದಿನಿಂದ ಮೇಷ್ಟ್ರಿಗೆ ಸೊಳ್ಳೆ ಕಚ್ಚುತ್ತಿರಲಿಲ್ಲ. ಮೈಮೇಲೆ ನೊಣವೂ ಕೂರುತ್ತಿರಲಿಲ್ಲ.

ನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ ಮಗಳು ಮಣ್ಣುಗೈಯಲ್ಲಿ ಓಡಿಬಂದಳು. ಕೈಯಲ್ಲೊಂದು ಗೆಣಸು.

"ನೀನು ಮಲಗಿದ್ದಾಗ ನಿನ್ನ ಗಾಯದಲ್ಲಿ ಕುಡಿ ಬಂದಿತ್ತಪ್ಪ. ಕತ್ತರಿಸಿ ಹಿತ್ತಲಲ್ಲಿ ನೆಟ್ಟಿದ್ದೆ. ನೋಡು, ಒಂದೂ ಹುಳ ಇಲ್ಲ."

ಗೆಣಸಿನ ಮೇಲಿನ ಗುದ್ದಲಿಯ ಗಾಯ ಮೆಲ್ಲಗೆ ಕೂಡಿಕೊಳ್ಳುತ್ತಿತ್ತು. ಮೇಷ್ಟ್ರ ಬೆನ್ನು ಚುರ್ರೆಂದು ಬಿರಿಯಿತು. ಅಂಗಿ ಒದ್ದೆಯಾಯಿತು. ಅವಳಿಗೂ ಪ್ರಾಣವೆಂದರೆ ಅಪ್ಪನೊಬ್ಬನೇ.

ಪರಿಹಾರ ಅವರಿಗೆ ಗೊತ್ತಿತ್ತು. ಮಗಳ ಪುಟ್ಟ ಬೆರಳುಗಳನ್ನು ನೋಡಿದರು.

"ಏನಾಯ್ತಪ್ಪಾ?"

"ಏನಿಲ್ಲ ಪುಟ್ಟಿ. ಸೆಕೆ," ಎಂದರು.