ಅಣ್ಣನ ಎಮ್ಮೆಗೆ ಹೊಸ ತಂತಿ

ಪೆಟ್ಟಿಗೆಯ ಮುಚ್ಚಳ ತೆಗೆದವನೇ ಅವನು ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಉಡುಗೊರೆ ಕೊಟ್ಟವರು ಬಿಚ್ಚುವವರ ಮುಖ ನೋಡುತ್ತಾರಲ್ಲ, ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದ.

ಒಳಗೆ ನಮ್ಮಣ್ಣನ ಬೇಸ್ ಗಿಟಾರ್ ಮಲಗಿತ್ತು. ಅದರ ಕಪ್ಪು ಮೈಯನ್ನು ಒರೆಸಿ ಒರೆಸಿ ಮುಖ ಕಾಣುವ ಹಾಗೆ ಮಾಡಿದ್ದ. ಬಿರಡೆಗಳಿಗೆ ಎಣ್ಣೆ ಬಿದ್ದಿತ್ತು. ಉದ್ದಕ್ಕೂ ನಾಲ್ಕು ಹೊಚ್ಚ ಹೊಸ ತಂತಿಗಳು ಬೆಳ್ಳಗೆ ಹೊಳೆಯುತ್ತಿದ್ದವು.

"ಬಾರಿಸಿ ನೋಡಿ," ಅಂದ.

ದಪ್ಪ ತಂತಿಯನ್ನು ಒಮ್ಮೆ ಮೀಟಿದೆ. ಸ್ಟೀಲ್ ತಟ್ಟೆ ನೆಲಕ್ಕೆ ಬಿದ್ದ ಹಾಗೆ ಠಣ್ ಅಂತು. ಎಷ್ಟು ಹೊತ್ತಾದರೂ ಆ ಸದ್ದು ನಿಲ್ಲಲಿಲ್ಲ, ನಾನೇ ಅಂಗೈ ಇಟ್ಟು ನಿಲ್ಲಿಸಬೇಕಾಯಿತು.

"ಹಳೇ ತಂತಿ ಎಲ್ಲಿ?"

"ಅವಾ? ಪೂರ್ತಿ ಸತ್ತು ಹೋಗಿದ್ವು. ಬರೀ ತುಕ್ಕು, ಜಿಡ್ಡು. ಕಟರ್‌ನಲ್ಲಿ ಕತ್ತರಿಸಿ ತೆಗೆದು ಗುಜರಿಗೆ ಹಾಕ್ದೆ."

"ಯಾರು ಹೇಳಿದ್ರು ನಿಂಗೆ?"

ಅಲ್ಲಿಯವರೆಗೆ ಅವನಿಗೆ ಬಹುವಚನ ಬಿಟ್ಟು ಮಾತಾಡಿದವಳಲ್ಲ ನಾನು. ಅವನ ನಗು ಎಲ್ಲಿ ಹೋಗಬೇಕೆಂದು ತಿಳಿಯದೆ ಮುಖದ ಮೇಲೇ ಉಳಿದುಕೊಂಡಿತ್ತು. ಸುತ್ತ ನಮ್ಮ ಗುಂಪಿನವರೆಲ್ಲ ಕೂತಿದ್ದರು. ನಾನು ಮುಚ್ಚಳ ಹಾಕಿ, ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲಿಳಿದು ಹೊರಟೆ. ಯಾರೂ ತಡೆಯಲಿಲ್ಲ.

ನಮ್ಮದು ಬೇಸ್ ಬಾರಿಸುವವರ ಒಂದು ಸಣ್ಣ ಗುಂಪು. ಬ್ಯಾಂಡಿನಲ್ಲಿ ಹಾಡುವವಳನ್ನು ನೋಡುತ್ತಾರೆ, ಡ್ರಮ್ ಬಡಿಯುವವನನ್ನು ನೋಡುತ್ತಾರೆ. ಮೂಲೆಯಲ್ಲಿ ನಿಂತು ಗುಂಯ್ ಗುಂಯ್ ಅನ್ನಿಸುವ ನಾವು ಆಟಕ್ಕುಂಟು ಲೆಕ್ಕಕ್ಕಿಲ್ಲ. ನಾವು ಕೈ ನಿಲ್ಲಿಸಿದಾಗ ಮಾತ್ರ ಜನಕ್ಕೆ ಏನೋ ಕಡಿಮೆಯಾಯಿತು ಅನ್ನಿಸುತ್ತದೆ. ಏನು ಅಂತ ಆಗಲೂ ಗೊತ್ತಾಗುವುದಿಲ್ಲ.

ಹಾಗಾಗಿ ನಮ್ಮನ್ನು ನಾವೇ ನೋಡಿಕೊಳ್ಳೋಣ ಅಂತ ತಿಂಗಳಿಗೊಂದು ಭಾನುವಾರ ಟೈರ್ ಅಂಗಡಿಯ ಮೇಲಿನ ಡ್ಯಾನ್ಸ್ ಕ್ಲಾಸಿನಲ್ಲಿ ಸೇರುತ್ತೇವೆ. ಹೋಟೆಲ್ ಬ್ಯಾಂಡಿನಲ್ಲಿ ಆಯುಷ್ಯ ಸವೆಸಿದ ಅಜ್ಜನೊಬ್ಬ ನಮಗೆಲ್ಲ ಹಿರಿಯ. ಅವನೇ ಮಾಡಿದ ಪದ್ಧತಿ ಇದು: ಪ್ರತಿಯೊಬ್ಬರೂ ತಮ್ಮ ಪ್ರೀತಿಯ ಗಿಟಾರ್ ತರಬೇಕು, ಅದರ ಕಥೆ ಹೇಳಬೇಕು, ಇನ್ನೊಬ್ಬರ ಕೈಗೆ ಒಂದು ತಿಂಗಳ ಮಟ್ಟಿಗೆ ಕೊಡಬೇಕು. ತೆಗೆದುಕೊಂಡವರು ಸುಮ್ಮನೆ ವಾಪಸ್ ಕೊಡುವ ಹಾಗಿಲ್ಲ.

"ಪಕ್ಕದ ಮನೆಯಿಂದ ಬಂದ ಪಾತ್ರೆನ ಖಾಲಿ ಕೊಡ್ತೀರೇನ್ರೋ? ಇದೂ ಹಾಗೇ," ಅನ್ನುತ್ತಿದ್ದ ಅಜ್ಜ.

ಹಾಗೆ ಒಬ್ಬರು ಹೊಸ ಬೆಲ್ಟ್ ಹಾಕಿ ಕೊಡುತ್ತಿದ್ದರು, ಒಬ್ಬರು ಗೀರು ಮುಚ್ಚಿ ಕೊಡುತ್ತಿದ್ದರು. ಹೆಚ್ಚು ವಿಶ್ವಾಸವಿದ್ದವರು ಹೊಸ ತಂತಿ ಹಾಕಿ ಕೊಡುತ್ತಿದ್ದರು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದಿರಲಿಲ್ಲ.

ಹೊಸ ತಂತಿ ಹಾಕಿ ತಂದ ಅವನು ಮನೆಮನೆಗೆ ಹೋಗಿ ವಾಷಿಂಗ್ ಮಷೀನ್ ರಿಪೇರಿ ಮಾಡುವವನು. ಗುಂಪಿನಲ್ಲಿ ಅವನ ಹೆಸರೇ ರಿಪೇರಿ. ಯಾರ ಮನೆಯ ಬಾಗಿಲು ಕಿರ್ ಅಂದರೂ ಕೇಳದೆಯೇ ಎಣ್ಣೆ ಹಾಕಿ ಬರುವ ಜಾತಿ. ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ನನ್ನ ಕನ್ನಡಕವೇ ಸೋಡಾ ಬಾಟಲಿಯ ತಳದಷ್ಟು ದಪ್ಪ, ಅದಕ್ಕೆ ನಾನು ಸೋಡಾಬುಡ್ಡಿ.

ಅವನು ನನ್ನನ್ನು ನೋಡುವಾಗ ತಲೆಯನ್ನು ಸ್ವಲ್ಪ ಓರೆ ಮಾಡಿ, ಎಡಗಣ್ಣು ಕಿರಿದು ಮಾಡುತ್ತಿದ್ದ. ಮೊದಮೊದಲು ಸೊಕ್ಕು ಅಂದುಕೊಂಡೆ. ಆಮೇಲೆ ಚೇಷ್ಟೆ ಅಂದುಕೊಂಡೆ. ಕೊನೆಗೆ ಕಸುಬಿನ ಬುದ್ಧಿ ಎಚ್ಚರವಾಯಿತು.

"ನಿಮ್ಮ ಎಡಗಣ್ಣು ಸರಿ ಇಲ್ಲ. ಅಂಗಡಿಗೆ ಬನ್ನಿ."

"ನಿಮ್ಮನ್ನ ನೋಡೋಕೆ ಬಲಗಣ್ಣು ಸಾಕು ಬಿಡಿ."

"ಅರ್ಧಂಬರ್ಧ ಕಾಣಿಸ್ತೀನಿ."

"ಅರ್ಧಕ್ಕೇ ಇಷ್ಟು ಭಯ ಆಗ್ತಿದೆ. ಪೂರ್ತಿ ಕಂಡ್ರೆ ನನ್ನ ಗತಿ?"

ಆದರೂ ಬಂದ. ಕತ್ತಲ ಕೋಣೆಯಲ್ಲಿ ಕೂರಿಸಿ ಕೆಳಗಿನ ಸಾಲು ಓದಿ ಅಂದೆ.

"ಹೇಗೆ ಓದ್ಲಿ? ನೀವು ಅಡ್ಡ ನಿಂತಿದೀರ."

"ಪಕ್ಕಕ್ಕೆ ಸರೀಲಾ?"

"ಬೇಡ," ಅಂದ.

ದಿನವಿಡೀ ಕಣ್ಣು ನೋಡುವವಳು ನಾನು. ನನಗೆ ಕಣ್ಣು ಅಂದರೆ ಬಡಗಿಗೆ ಮರದ ಹಾಗೆ, ಕೆಲಸದ ಸಾಮಾನು. ಆವತ್ತು ಮಾತ್ರ ಲೆನ್ಸ್ ಬದಲಾಯಿಸುವಾಗ ಬೆರಳು ಅವನ ಹುಬ್ಬಿಗೆ ತಾಗಿ, ಯಾವ ಲೆನ್ಸ್ ಹಾಕಿದ್ದೆ ಅನ್ನುವುದೇ ಮರೆತುಹೋಯಿತು. ಕನ್ನಡಕ ಬೇಕೇ ಬೇಕು ಅಂದರೆ "ಆಮೇಲೆ ನೋಡೋಣ" ಅಂತ ಎದ್ದು ಹೋದ. ಊರಿಗೆಲ್ಲ ರಿಪೇರಿ ಮಾಡುವ ಭೂಪನಿಗೆ ತನ್ನ ರಿಪೇರಿಗೆ ಪುರುಸೊತ್ತಿಲ್ಲ. ನಾನೇ ಫ್ರೇಮ್ ಆರಿಸಿ, ಗಾಜು ಹಾಕಿಸಿ, ಮೇಜಿನ ಖಾನೆಯಲ್ಲಿಟ್ಟೆ.

ಆ ತಿಂಗಳು ಅವನು ತನ್ನ ಕೆಂಪು ಬೇಸ್ ನನ್ನ ಕೈಗೆ ಕೊಟ್ಟ. "ಇದರ ಕುತ್ತಿಗೆ ಮುರಿದಿತ್ತು, ನಾನೇ ಕೂಡಿಸಿದೀನಿ. ಈವರೆಗೆ ಯಾರಿಗೂ ಕೊಟ್ಟಿಲ್ಲ," ಅಂದ. ಕೊಡುವಾಗ ಒಂದು ಗಳಿಗೆ ಬೆರಳು ಬಿಡಲೇ ಇಲ್ಲ. ಅದರ ಮುಂದಿನ ತಿಂಗಳು ನಾನು ಅಣ್ಣನದನ್ನು ಅವನಿಗೆ ಕೊಟ್ಟೆ.

ಅಣ್ಣ ಅದಕ್ಕೆ ಎಮ್ಮೆ ಅಂತ ಹೆಸರಿಟ್ಟಿದ್ದ. ಕಪ್ಪು, ಭಾರ, ದನಿಯೂ ಹಾಗೇ. ಕೊಂಡಾಗಿನಿಂದ ಒಮ್ಮೆಯೂ ತಂತಿ ಬದಲಾಯಿಸಿದವನಲ್ಲ. ಅವನ ಬೆರಳಿನ ಬೆವರು ಕುಡಿದು ಕುಡಿದು ಆ ತಂತಿಗಳು ಕಪ್ಪಾಗಿ, ಮೀಟಿದರೆ ದುಬ್ ಅಂತ ಒಂದೇ ಮಾತು ಆಡಿ ಸುಮ್ಮನಾಗುತ್ತಿದ್ದವು. ಅಣ್ಣನೂ ಅಷ್ಟೇ ಮಾತಿನವನು. ಪ್ರೆಸ್ಸಿನ ಕೆಲಸ ಮುಗಿಸಿ ಬಂದು ಕೋಣೆ ಸೇರಿ ಎಮ್ಮೆ ಬಾರಿಸಿದರೆ, ಗೋಡೆಯಾಚೆ ಅಮ್ಮ ಹೊಲಿಗೆ ಮೆಷಿನ್ ನಿಲ್ಲಿಸಿ ಕೂತು ಕೇಳುತ್ತಿದ್ದಳು. ಅದು ಮುಗಿದ ಮೇಲೆಯೇ ನಮ್ಮ ಮನೆಯಲ್ಲಿ ಊಟ.

ಜ್ವರ ಅಂತ ಮಲಗಿದವನು ಆಸ್ಪತ್ರೆಯಿಂದ ವಾಪಸ್ ಬರಲಿಲ್ಲ. ಅಮ್ಮ ಊಟದ ತಟ್ಟೆಯ ಮುಂದೆ ಕೂತು ಸುಮ್ಮನೆ ಎದ್ದು ಹೋಗುತ್ತಿದ್ದಳು. ಒಂದು ಸಂಜೆ ತಡೆಯಲಾರದೆ ಎಮ್ಮೆ ತೆಗೆದು ಅವನು ಬಾರಿಸುತ್ತಿದ್ದುದನ್ನೇ ಬಾರಿಸಿದೆ. ಗೋಡೆಯಾಚೆ ಮೆಷಿನ್ ನಿಂತಿತು. ಆವತ್ತು ಅಮ್ಮ ಹೊಟ್ಟೆ ತುಂಬ ಉಂಡಳು. ಅಂದಿನಿಂದ ದಿನಾ ಸಂಜೆ ನಾನೇ ಬಾರಿಸತೊಡಗಿದೆ. ಅಮ್ಮನಿಗೇನು ಭ್ರಮೆಯಲ್ಲ, ಎಲ್ಲ ಗೊತ್ತಿತ್ತು. ಬೆರಳು ನನ್ನದು, ದನಿ ಮಾತ್ರ ಅವನದು. ಅಷ್ಟು ಸಾಕಿತ್ತು ಇಬ್ಬರಿಗೂ.

ಅಂಥದ್ದನ್ನು ರಿಪೇರಿಯ ಕೈಗೆ ಕೊಟ್ಟೆ. ಆ ತಿಂಗಳು ಅಮ್ಮನಿಗೆ, "ಒಂದು ತಿಂಗಳು ತಡ್ಕೋಮ್ಮ, ಕೊಡಲೇಬೇಕು ಅಂತ ಅನ್ನಿಸಿದೆ," ಅಂದಿದ್ದೆ. ಅಮ್ಮ ನನ್ನ ಮುಖ ನೋಡಿ, ಏನೂ ಕೇಳದೆ ಹೂಂ ಅಂದಿದ್ದಳು. ಗುಂಪಿನಲ್ಲಿ ಕಥೆ ಹೇಳುವ ಸರದಿ ಬಂದಾಗ "ಇದು ನಮ್ಮಣ್ಣಂದು," ಅಂದು ಕೂತುಬಿಟ್ಟೆ. ಅಣ್ಣ ತೀರಿಹೋದ ಅನ್ನಲಿಲ್ಲ, ತಂತಿ ಮುಟ್ಟಬೇಡಿ ಅನ್ನಲಿಲ್ಲ. ಕೊಟ್ಟದ್ದೇ ನನ್ನ ಮಾತು ಅಂದುಕೊಂಡಿದ್ದೆ. ಆ ಪುಣ್ಯಾತ್ಮ ಅದಕ್ಕೆ ತನಗೆ ಗೊತ್ತಿದ್ದ ಅತಿ ದೊಡ್ಡ ಮರ್ಯಾದೆ ಮಾಡಿ ತಂದಿದ್ದ.

ಮೆಟ್ಟಿಲಿಳಿದು ಬಂದ ಆ ಸಂಜೆ ಮನೆಯಲ್ಲಿ ಎಮ್ಮೆಯನ್ನು ಬಾರಿಸಿದೆ. ಬಾರಿಸದೆ ಇದ್ದರೆ ಅಮ್ಮ ಕೇಳುತ್ತಾಳೆ. ನಾಲ್ಕು ಸಲ ಮೀಟುವುದರೊಳಗೆ ಗೋಡೆಯಾಚೆಯಿಂದ ದನಿ ಬಂತು.

"ಸಾಕು, ನಿಲ್ಲಿಸು."

ಮತ್ತೆ ಹೊಲಿಗೆ ಮೆಷಿನ್ ಓಡತೊಡಗಿತು. ತಟ್ಟೆ ಹಾಕಿ ಕರೆದೆ, ಬರಲಿಲ್ಲ. ಕೋಣೆಗೆ ಹೋಗಿ ನೋಡಿದರೆ ಸೂಜಿಯಲ್ಲಿ ದಾರವಿರಲಿಲ್ಲ, ಬರಿದೇ ಬಟ್ಟೆಯ ಮೇಲೆ ಮೆಷಿನ್ ಓಡಿಸುತ್ತಿದ್ದಳು. ನನಗೆ ಅವನ ಮೇಲೆ ಎಂಥ ಸಿಟ್ಟು ಬಂತೆಂದರೆ, ಎದುರಿಗಿದ್ದಿದ್ದರೆ ಕೈಯೇ ಮಾಡುತ್ತಿದ್ದೆನೋ ಏನೋ. ಸಿಟ್ಟಿನ ಜೊತೆಗೇ ಅವನು ನೆನಪಾಗುತ್ತಿದ್ದ, ಅದಕ್ಕೆ ನನ್ನ ಮೇಲೂ ಸಿಟ್ಟು.

ಮುಂದಿನ ತಿಂಗಳ ಭಾನುವಾರದ ಕೂಟಕ್ಕೆ ಹೋಗಲಿಲ್ಲ. ಅದಾದ ಮಾರನೇ ದಿನ ಅವನೇ ಅಂಗಡಿಗೆ ಬಂದ. ಎರಡೂ ಕೈಯ ಬೆರಳುಗಳಿಗೆ ಪಟ್ಟಿ ಸುತ್ತಿತ್ತು. ಒಂದು ಬಟ್ಟೆಯ ಚೀಲ ಬಿಚ್ಚಿ ಗಾಜಿನ ಮೇಜಿನ ಮೇಲೆ ಸುರಿದ. ಕಪ್ಪು ತಂತಿಯ ತುಂಡುಗಳು, ಸೊಟ್ಟಪಟ್ಟ.

"ಆವತ್ತು ನೀವು ಹೋದ ಮೇಲೆ ಅಜ್ಜ ಹೇಳಿದ್ರು, ನಿಮ್ಮಣ್ಣನ ವಿಷಯ. ಅವರಿಗೆ ಪರಿಚಯ ಇತ್ತಂತೆ. ಗುಜರಿಯವನ ರಾಶೀಲಿ ಹುಡುಕ್ದೆ. ಸಿಕ್ಕಿದ್ದು ಇಷ್ಟೇ."

"ಏನ್ಮಾಡ್ಲಿ ಇದನ್ನ?"

"ಬೆಸುಗೆ ಹಾಕ್ದೆ. ಬಿಗಿ ಮಾಡ್ತಿದ್ದ ಹಾಗೇ ಕಿತ್ಕೊಂಡು ಬರುತ್ತೆ. ದಿನಾ ಕೂತು ನೋಡ್ದೆ. ಆಗಲ್ಲ."

ಅವನ ಬಾಯಲ್ಲಿ 'ಆಗಲ್ಲ' ಅನ್ನುವ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

"ಒರೆಸಿ ಕೊಟ್ಟಿದ್ರೆ ಸಾಕಿತ್ತಲ್ಲ. ಅಷ್ಟೆಲ್ಲ ಯಾಕೆ ಮಾಡೋಕೆ ಹೋದ್ರಿ?"

"ಬೇರೆಯವರದ್ದಾಗಿದ್ರೆ ಒರೆಸೇ ಕೊಡ್ತಿದ್ದೆ." ತಂತಿಯ ತುಂಡುಗಳನ್ನು ಒಂದೊಂದಾಗಿ ಸಾಲಾಗಿ ಇಡುತ್ತ ಹೇಳಿದ. "ನೀವಂದ್ರೆ ನಂಗೆ ಇಷ್ಟ. ಬಾಯಲ್ಲಿ ಹೇಳೋಕೆ ಬರಲ್ಲ, ಕೈಯಲ್ಲಿ ಮಾಡೋಕಷ್ಟೇ ಬರೋದು. ಅದೂ ಎಡವಟ್ಟಾಯ್ತು."

ಹೊರಗೆ ಬಸ್ಸೊಂದು ನಿಂತು ಹೋಯಿತು. ಇಷ್ಟು ದಿನ ಯಾವ ಮಾತಿಗೆ ಕಾದಿದ್ದೆನೋ ಅದು ಬಂದಿತ್ತು. ಬರಬಾರದ ಹೊತ್ತಿನಲ್ಲಿ ಬಂದಿತ್ತು.

"ನನ್ನ ಸಿಟ್ಟು ಇಳಿದಿಲ್ಲ," ಅಂದೆ.

"ಇಳೀಲಿ ಅಂತ ಬಂದಿಲ್ಲ. ನಿಮ್ಮಮ್ಮನ ಹತ್ರ ನಾನೇ ಹೋಗಿ ಹೇಳ್ಬೇಕು, ಅದಕ್ಕೆ ಬಂದೆ." ಬಟ್ಟೆಯ ಚೀಲ ಮಡಚುತ್ತ, "ಆವತ್ತು ನಂಗೆ ಏಕವಚನದಲ್ಲಿ ಮಾತಾಡಿದ್ರಿ. ಬೈದಿದ್ದಾದ್ರೂ ಅದೊಂದು ಹಿಡಿಸ್ತು," ಅಂದ.

ನಾನು ಮೇಜಿನ ಖಾನೆ ಎಳೆದು ಕನ್ನಡಕ ತೆಗೆದು ಮುಂದಿಟ್ಟೆ. ಪಟ್ಟಿ ಸುತ್ತಿದ ಬೆರಳಲ್ಲಿ ಅದನ್ನು ಹಾಕಿಕೊಳ್ಳಲು ಒದ್ದಾಡಿದ. ನಾನೇ ಹಾಕಿದೆ. ತಲೆ ಓರೆ ಮಾಡದೆ, ಕಣ್ಣು ಕಿರಿದು ಮಾಡದೆ ಅವನು ನನ್ನನ್ನು ಮೊದಲ ಸಲ ನೇರವಾಗಿ ನೋಡಿದ. ನೋಡುತ್ತಲೇ ಇದ್ದ.

"ಅತ್ತಿದೀರಾ?"

"ತಿಂಗಳಿಂದ ಅಳ್ತಿದೀನಿ. ನಿಂಗೆ ಈಗ ಕಾಣಿಸ್ತಿದೆ."

ಅವನು ತಲೆ ತಗ್ಗಿಸಿದ. ಮತ್ತೆ ಏಕವಚನ ಬಂದದ್ದು ಅವನಿಗೆ ಗೊತ್ತಾಯಿತು. ನನಗೂ ಗೊತ್ತಾಯಿತು. ಇಬ್ಬರೂ ಅದನ್ನು ಎತ್ತಲಿಲ್ಲ.

ಸಂಜೆ ಮನೆಗೆ ಬಂದ. ಅಮ್ಮ ಕೊರಳಿಗೆ ಟೇಪು ಹಾಕಿಕೊಂಡು ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದಳು.

"ತಂತಿ ಕತ್ತರಿಸಿದ್ದು ನಾನೇ ಅಮ್ಮ," ಅಂದ ಬಾಗಿಲಲ್ಲೇ ನಿಂತು.

ಅಮ್ಮ ಕನ್ನಡಕದ ಮೇಲಿಂದ ಅವನ ಕೈ ನೋಡಿದಳು. "ಬೆರಳಿಗೇನಾಯ್ತು?"

"ಕೂಡಿಸೋಕೆ ಹೋದೆ. ಚುಚ್ತು."

"ಕೂತ್ಕೋ."

ಅಮ್ಮ ತೋಳನ್ನು ಪೂರ್ತಿ ಬಿಚ್ಚಿ ಪಕ್ಕಕ್ಕಿಟ್ಟಳು. ಆಮೇಲೆ ಕೇಳಿದಳು.

"ಹೊಸ ತಂತಿ ಹಳೇದಾಗೋಕೆ ಎಷ್ಟು ಕಾಲ ಬೇಕಪ್ಪ?"

"ವರ್ಷಗಟ್ಟಲೆ ಬೇಕು. ದಿನಾ ಬಾರಿಸ್ಬೇಕು. ಬೆರಳಿನ ಬೆವರು ಹಿಡೀಬೇಕು."

"ಮತ್ತೆ ಇಲ್ಲಿ ಕೂತಿದ್ರೆ ಹಿಡಿಯುತ್ತಾ? ಹೋಗಿ ಬಾರಿಸು. ಇವಳೊಬ್ಬಳ ಕೈಲಾಗೋ ಕೆಲಸ ಅಲ್ಲ ಅದು."

ಅಣ್ಣನ ಕೋಣೆಯಲ್ಲಿ ಅವನು ಎಮ್ಮೆಯನ್ನು ಎತ್ತಿಕೊಂಡು, ಹೊಸ ತಂತಿಗಳ ಮೇಲೆ ಅಂಗೈಯ ಅಂಚನ್ನು ಒತ್ತಿಟ್ಟು, ಠಣ್ ಸದ್ದನ್ನೆಲ್ಲ ಅಡಗಿಸಿ, ಪಟ್ಟಿಯ ಬೆರಳಲ್ಲೇ ಮೆತ್ತಗೆ ಬಾರಿಸಿದ. ನೋವಾಗುತ್ತಿತ್ತು, ಮುಖದಲ್ಲಿ ಕಾಣುತ್ತಿತ್ತು. ಗೋಡೆಯಾಚೆ ಮೆಷಿನ್ ನಿಂತಿತ್ತು.

"ಅವನ ಹಾಗಿಲ್ಲ," ಅಂದಳು ಅಮ್ಮ ಅಲ್ಲಿಂದಲೇ.

"ಇಲ್ಲಮ್ಮ," ಅಂದ ಇವನು.

"ಸರಿ. ನಾಳೆ ಬಾ."

ಅಂದಿನಿಂದ ದಿನಾ ಬಂದ. ಕೆಲಸದ ಚೀಲ ಬಾಗಿಲ ಬಳಿ ಇಟ್ಟು, ಕೈ ತೊಳೆದು, ಅಣ್ಣನ ಕೋಣೆಗೆ. ಅವನ ಕೈಗೆ ಎಮ್ಮೆ, ನನ್ನ ಕೈಗೆ ಅವನ ಕೆಂಪು ಬೇಸ್. ಮೊಣಕಾಲಿಗೆ ಮೊಣಕಾಲು ತಾಗಿದರೆ ಇಬ್ಬರಿಗೂ ತಾಳ ತಪ್ಪುತ್ತಿತ್ತು. ನಮ್ಮ ಪ್ರೀತಿಯ ಸುತ್ತಾಟ, ಸಿನಿಮಾ, ಹೂವು ಎಲ್ಲ ಅಷ್ಟೇ. ಅಲ್ಲಿ ನಗುವಾಗಲೂ ಅಣ್ಣನ ಮಂಚ ಕಣ್ಣಿಗೆ ಬೀಳುತ್ತಿತ್ತು, ನಗು ಅರ್ಧಕ್ಕೇ ನಿಲ್ಲುತ್ತಿತ್ತು.

ತಂತಿಯ ಹೊಳಪು ಹೋಯಿತು. ಮೊದಲು ಮಾಸಿತು, ವರ್ಷಗಳು ಕಳೆದ ಮೇಲೆ ಕಪ್ಪಾಯಿತು. ಠಣ್ ಅನ್ನುವುದು ಇಳಿದು ದುಬ್ ಅನ್ನತೊಡಗಿತು. ಆದರೆ ಅದು ಅಣ್ಣನ ದುಬ್ ಅಲ್ಲ. ಅಣ್ಣ ಹೇಳಿ ಮುಗಿಸುತ್ತಿದ್ದ, ಇವನು ಸರಿಯಾ ಅಂತ ಕೇಳಿ ಕೇಳಿ ಹೇಳುತ್ತಾನೆ. ಒಂದಲ್ಲ ಒಂದು ದಿನ ಆ ದನಿ ವಾಪಸ್ ಬರುತ್ತದೆ ಅಂತ ನಾನು ಒಳಗೊಳಗೇ ಕಾದಿದ್ದೆ. ಬರುವುದಿಲ್ಲ ಅಂತ ತಿಳಿಯಲು ತಂತಿ ಕಪ್ಪಾಗಬೇಕಾಯಿತು.

ಮೊನ್ನೆ ಯಾರದೋ ಮನೆಯಲ್ಲಿ ವಾಷಿಂಗ್ ಮಷೀನಿನ ಪೈಪು ಒಡೆದು ನೀರೋ ನೀರು, ಅವನು ಬರುವುದು ತಡವಾಯಿತು. ಅಮ್ಮನಿಗೆ ಹಸಿವಾಗಿರಬೇಕೆಂದು ನಾನೇ ಎಮ್ಮೆ ತೆಗೆದು ಅಣ್ಣ ಬಾರಿಸುತ್ತಿದ್ದುದನ್ನು ಬಾರಿಸಿದೆ. ಮುಗಿಸಿ ತಟ್ಟೆ ಹಾಕಿ ಕರೆದೆ.

"ಈಗ ಬೇಡ," ಅಂದಳು ಅಮ್ಮ. "ರಿಪೇರಿ ಬರಲಿ. ಅವನು ಬಾರಿಸಿದ ಮೇಲೆ ಊಟ ಮಾಡೋಣ."

ಹಾಕಿದ ತಟ್ಟೆಯನ್ನು ಹಾಗೇ ಮುಚ್ಚಿಟ್ಟು ಅಣ್ಣನ ಕೋಣೆಗೆ ಹೋದೆ. ಮಂಚದ ಮೇಲೆ ಕೂತು, ಆಸ್ಪತ್ರೆಯಲ್ಲೂ ಅಳದಷ್ಟು ಅತ್ತೆ. ಅಣ್ಣ ನಮ್ಮ ಮನೆಯಿಂದ ಹೊರಟದ್ದು ಆವತ್ತು. ಅಮ್ಮನೇ ಅಣ್ಣನನ್ನು ಕಳಿಸಿಕೊಟ್ಟು ಇವನಿಗೆ ಜಾಗ ಮಾಡಿದ್ದಳು, ನನಗಾಗಿ.

ಬಾಗಿಲು ತಟ್ಟಿದ ಸದ್ದಾಯಿತು. ಕಣ್ಣೊರೆಸಿಕೊಂಡು ಹೋಗಿ ತೆಗೆದೆ. ಪ್ಯಾಂಟೆಲ್ಲ ಒದ್ದೆ ಮಾಡಿಕೊಂಡು ನಿಂತಿದ್ದ, ಕನ್ನಡಕದ ಮೇಲೂ ನೀರಿನ ಹನಿ.

"ಅತ್ತಿದೀಯಾ?" ಅಂದ.

"ಹೂಂ," ಅಂದೆ. "ಒಳಗೆ ಬಾ. ಅಮ್ಮ ಕಾಯ್ತಿದಾಳೆ."