ಹನ್ನೆರಡನೆಯ ಪೆನ್ಸಿಲ್

ಹನ್ನೊಂದು ಪೆನ್ಸಿಲ್ ಕೊಟ್ಟರೂ ತುಟಿಪಿಟಕ್ಕೆನ್ನದ ಹುಡುಗಿಯನ್ನು ಏನು ಮಾಡುವುದು? ಬೈಯುವಂತಿಲ್ಲ, ಬಾಯಿಬಿಟ್ಟು ಕೇಳುವಂತಿಲ್ಲ. ಸಂಜೆ ಐದರೊಳಗೆ ಅವನು ಮ್ಯಾನೇಜರಿಗೆ ಉತ್ತರ ಕೊಡಬೇಕಾಗಿತ್ತು. ರೈಲಿನಲ್ಲಿ ಒಂದೂವರೆ ದಿನದ ದೂರದಲ್ಲಿರುವ ಆಫೀಸಿಗೆ ಮೂರು ವರ್ಷ ಹೋಗುತ್ತೀಯಾ, ಇಲ್ಲವಾ? ಪತ್ರ ಜೇಬಿನಲ್ಲಿತ್ತು, ಸಹಿಯೊಂದು ಬಾಕಿ. ಹೋಗುವುದೆಂದೇ ಅವನು ನಿಶ್ಚಯಿಸಿದ್ದ. ಬೇಡವೆಂದು ಸುಮ್ಮನಿದ್ದೇ ಹೇಳಿದವಳ ಕಣ್ಣೆದುರು ಓಡಾಡಿಕೊಂಡಿರುವುದಕ್ಕಿಂತ ದೂರವೇ ವಾಸಿ.

ಆಫೀಸಿನಲ್ಲಿ ಅವನಿಗೆ ಮೌನಿ ಎಂದು ಹೆಸರು. ದಿನಕ್ಕೆ ಹತ್ತು ಮಾತಾಡಿದರೆ ಎಂಟು ಕಂಪ್ಯೂಟರಿನ ಜೊತೆ. ಅವನು ಬರೆಯುತ್ತಿದ್ದುದು ಒಂದು ನಕ್ಷೆಯ ಪ್ರೋಗ್ರಾಂ. ದೊಡ್ಡ ಸರ್ವರ್ ಒಳಗೆ ಹತ್ತಾರು ಪ್ರೊಸೆಸರ್‌ಗಳಿರುತ್ತವೆ. ಮೆಮೊರಿ ಮಾತ್ರ ಒಂದೇ ಕಡೆ ಇರದೆ ಎರಡು ಮೂರು ಪಾಲಾಗಿರುತ್ತದೆ. ಒಂದೊಂದು ಪಾಲಿಗೂ ನೋಡ್ ಎನ್ನುತ್ತಾರೆ. ಪ್ರತಿ ಪ್ರೊಸೆಸರ್‌ಗೂ ತನ್ನದೆನ್ನುವ ಒಂದು ನೋಡ್. ಅಲ್ಲಿಂದ ಬೇಕಾದ್ದು ಥಟ್ಟನೆ ಸಿಗುತ್ತದೆ, ಪಕ್ಕದ್ದರಿಂದ ತರಿಸಿಕೊಂಡರೆ ತಡ. ಯಾವ ಪ್ರೊಸೆಸರ್ ಯಾವ ನೋಡಿನದು ಎಂದು ಅವನ ನಕ್ಷೆ ತೋರಿಸುತ್ತಿತ್ತು. ಮಷೀನು ಯಾಕೆ ನಿಧಾನವಾಯಿತೆಂದು ಹುಡುಕುವವರು ಅದನ್ನೇ ನಂಬಬೇಕು.

ಆ ನಕ್ಷೆಯಲ್ಲಿ ತಪ್ಪು ಹಿಡಿಯುವ ಟೆಸ್ಟರ್ ಅವಳು. ಎಲ್ಲರ ತಪ್ಪನ್ನೂ ಬರೆದಿಡುತ್ತಾಳೆಂದು ಜೊತೆಯವರು ಚಿತ್ರಗುಪ್ತ ಎಂದು ಕರೆಯುತ್ತಿದ್ದರು. ಮೂರು ತಿಂಗಳ ಹಿಂದೆ ಮೀಟಿಂಗಿನಲ್ಲಿ ಅವನೆದುರು ಕುಳಿತು, ಹೆಬ್ಬೆರಳುದ್ದವೂ ಇಲ್ಲದ ಮೋಟು ಪೆನ್ಸಿಲಿನಲ್ಲಿ ಪ್ರೊಸೆಸರ್‌ಗಳ ಚೌಕ ಬರೆಯುತ್ತಿದ್ದಳು. ಮೊನೆ ಮುರಿಯಿತು. ಹಲ್ಲಿನಲ್ಲೇ ಕಚ್ಚಿ ಸರಿಮಾಡಿಕೊಂಡು ತಲೆಯೆತ್ತಿದರೆ ಅವನು ನೋಡುತ್ತಿದ್ದ.

ಏನು ಎಂಬಂತೆ ಅವಳ ಒಂದು ಹುಬ್ಬು ಮೇಲೇರಿತು. ಅವನು ಕಣ್ಣು ಕೆಳಗಿಳಿಸಿದ. ಆ ಹುಬ್ಬು ಮಾತ್ರ ಅವನ ಮನಸ್ಸಿನಿಂದ ಆಮೇಲೆ ಇಳಿಯಲೇ ಇಲ್ಲ.

ಅವನ ಅಪ್ಪ ಬಡಗಿ. "ಪೆನ್ಸಿಲ್ ಕೊಟ್ಟರೆ ಮೊನೆ ಮಾಡಿ ಕೊಡಬೇಕು ಕಣೋ. ಆಗ ಕೊಟ್ಟವನ ಕೈ ಇರುತ್ತೆ ಅದರಲ್ಲಿ," ಎನ್ನುತ್ತಿದ್ದರು. ಮುಂದಿನ ಸೋಮವಾರ ಬೆಳಿಗ್ಗೆ, ಯಾರೂ ಬರುವ ಮುಂಚೆ, ಅಪ್ಪನ ಪುಟ್ಟ ಚಾಕುವಿನಲ್ಲಿ ನಯವಾಗಿ ಹೆರೆದ ಪೆನ್ಸಿಲೊಂದನ್ನು ಹಿಡಿದು ಅವನು ಮೇಲಿನ ಮಹಡಿ ಹತ್ತಿದ. ಅವಳ ಮೇಜಿನ ನಂಬರು ಆಫೀಸಿನ ಪಟ್ಟಿಯಲ್ಲಿತ್ತು: ಆರು. ಕಿಟಕಿಯಿಂದ ಶುರುಮಾಡಿ ಎಣಿಸಿದ. ಆರನೆಯ ಕುರ್ಚಿಯ ಮೇಲೆ ಮಾಸಲು ನೀಲಿಯ ಶಾಲೊಂದಿತ್ತು. ಪೆನ್ಸಿಲ್ ಇಟ್ಟು, ಕಳ್ಳಬೆಕ್ಕಿನಂತೆ ಇಳಿದು ಬಂದ.

ಹಾಗೆ ಹನ್ನೊಂದು ಸೋಮವಾರ. ಒಮ್ಮೆ ಶಾಲು ನೆಲಕ್ಕೆ ಜಾರಿತ್ತು. ಎತ್ತಿ, ಕೊಡವಿ, ಅಂಚಿಗೆ ಅಂಚು ಸೇರಿಸಿ ಮಡಿಸಿದ. ನೋವಿನ ಮುಲಾಮಿನ ವಾಸನೆ ಬಂತು. ಇಷ್ಟು ಚಿಕ್ಕ ವಯಸ್ಸಿಗೇ ಮಂಡಿನೋವೇ ಎಂದು ಅವನ ಕರುಳು ಚುರಕ್ಕೆಂದಿತು. ಅಂದಿನಿಂದ ಔಷಧಿ ಅಂಗಡಿ ದಾಟುವಾಗಲೆಲ್ಲ ಅವಳೇ ನೆನಪಾಗಿ, ಹೆಜ್ಜೆ ತಾನಾಗಿ ನಿಧಾನವಾಗುತ್ತಿತ್ತು. ಪ್ರೀತಿಗೆ ಕಣ್ಣಿಲ್ಲ ಎನ್ನುತ್ತಾರೆ, ಮೂಗೂ ಅಷ್ಟಕ್ಕಷ್ಟೇ.

ಹೆಸರು ಬರೆದಿರಲಿಲ್ಲ ನಿಜ. ಆದರೆ ಆ ಮೋಟನ್ನು ಕಂಡವನು ತಾನೊಬ್ಬನೇ. ಅಕ್ಷರ ಹಿಂದುಮುಂದಾದರೂ ಹಿಡಿಯುವವಳಿಗೆ ಇಷ್ಟು ತಿಳಿಯದೆ ಇದ್ದೀತೇ? ಆದರೂ ಲ್ಯಾಬಿಗೆ ಬರುವಾಗ ಅವಳ ಕೈಯಲ್ಲಿ ಅದೇ ಮೋಟು. ಕೊಟ್ಟಿದ್ದನ್ನು ಮುಟ್ಟುವುದೂ ಇಲ್ಲ ಎಂದರೆ ಇನ್ನೇನು ಬಿಡಿಸಿ ಹೇಳಬೇಕು? ಈ ಸೋಮವಾರ ಹನ್ನೆರಡನೆಯದನ್ನು ಹೆರೆದಿದ್ದನೇನೋ ಹೌದು, ಮೆಟ್ಟಿಲು ಹತ್ತಲು ಕಾಲು ಬರಲಿಲ್ಲ. ಅದು ಪತ್ರದ ಜೊತೆ ಜೇಬಿನಲ್ಲೇ ಉಳಿಯಿತು.

ನಾಲ್ಕು ಗಂಟೆಗೆ ಅವಳು ಲ್ಯಾಬಿಗೆ ಬಂದಳು. ಸರ್ವರ್‌ಗಳ ಫ್ಯಾನು ಒಂದೇ ಸಮನೆ ಮೊರೆಯುತ್ತಿತ್ತು. ತಣ್ಣನೆಯ ಗಾಳಿಗೆ ಅವಳ ಮುಂಗುರುಳು ಹಾರಿ ತುಟಿಗೆ ಅಂಟುತ್ತಿತ್ತು. ತೆಗೆದರೆ ಮತ್ತೆ ಬರುತ್ತಿತ್ತು. ಸಾಲು ಸಾಲು ಹಸಿರು ದೀಪಗಳ ಬೆಳಕು ಅವಳ ಕೆನ್ನೆಯ ಮೇಲೆ ಮಿನುಗುತ್ತಿತ್ತು. ಐದು ಗಂಟೆ ಆಗುವುದೇ ಬೇಡ, ಹೀಗೇ ಇದ್ದುಬಿಡಲಿ ಎಂದು ಅವನಿಗನ್ನಿಸಿತು.

"ನಿಮ್ಮ ನಕ್ಷೆ ಸುಳ್ಳು ಹೇಳ್ತಿದೆ," ಎಂದಳು.

"ನನ್ನ ನಕ್ಷೆ ಸುಳ್ಳು ಹೇಳಲ್ಲ."

"ಪರವಾಗಿಲ್ವೇ, ಮೌನಿಗೂ ಕೋಪ ಬರುತ್ತೆ. ಇಲ್ಲಿ ನೋಡಿ. ಹದಿನಾರು ಪ್ರೊಸೆಸರ್. ಮೊದಲ ಎಂಟು ಈ ನೋಡಿಗೆ, ಮಿಕ್ಕ ಎಂಟು ಆ ನೋಡಿಗೆ. ಸರಿ ತಾನೆ?"

"ಸರಿ."

"ನಾನು ಮೂರನೇದನ್ನ ಆಫ್ ಮಾಡಿದೆ. ಈಗ ಒಂಬತ್ತನೇದನ್ನ ನೋಡಿ. ಅದು ಆ ಕಡೇದು. ನೀವು ಈ ಕಡೆ ತೋರಿಸ್ತಿದೀರ."

ಅವನು ಬಗ್ಗಿ ನೋಡಿದ. ನಿಜವೇ ಆಗಿತ್ತು.

"ನೀವು ಅದರದರ ನಂಬರ್ ಓದಲ್ಲ, ಎದ್ದಿರೋದನ್ನೆಲ್ಲ ಸಾಲಾಗಿ ಎಣಿಸಿಬಿಡ್ತೀರ," ಎಂದು ಅವಳು ಮೋಟಿನಲ್ಲಿ ಚೌಕ ಬರೆದು ತೋರಿಸಿದಳು. "ಮಧ್ಯೆ ಒಂದಿಲ್ಲ ಅಂದ್ರೆ ಅಲ್ಲಿಂದಾಚೆ ಎಲ್ಲರೂ ಒಂದೊಂದು ಜಾಗ ತಪ್ತಾರೆ. ನಮ್ಮ ಮಹಡಿ ನೋಡಿಯೇ ನನಗೆ ಈ ಟೆಸ್ಟ್ ಹೊಳೆದಿದ್ದು."

"ಮಹಡಿನಾ?"

"ಮೂರನೇ ಮೇಜು ತೆಗೆದು ಪ್ರಿಂಟರ್ ಇಟ್ಟು ವರ್ಷ ಆಯ್ತಲ್ಲ, ಮಿಕ್ಕ ಮೇಜುಗಳ ನಂಬರ್ ಹಾಗೇ ಇದೆ. ಅದು ಗೊತ್ತಿಲ್ದೆ ಕಿಟಕಿಯಿಂದ ಎಣಿಸಿಕೊಂಡು ಬರೋರೆಲ್ಲ, ನನ್ನ ಹುಡುಕಿಕೊಂಡು ಹೋಗಿ ದೊಡ್ಡಕ್ಕನ ಮುಂದೆ ನಿಲ್ತಾರೆ."

ದೊಡ್ಡಕ್ಕ ಎಂದರೆ ಪ್ರೋಗ್ರಾಂಗಳ ಕೈಪಿಡಿ ಬರೆಯುವ ಹಿರಿಯ ಹೆಂಗಸು. ನಿವೃತ್ತಿಗೆ ಎರಡೇ ವರ್ಷ.

"ದೊಡ್ಡಕ್ಕ ಶಾಲು ಹೊದ್ಕೋತಾರಾ?"

"ನೀಲಿದು. ಯಾಕೆ?"

"ಮಂಡಿನೋವು?"

"ಜಾಸ್ತಿನೇ, ಪಾಪ. ಯಾಕ್ರೀ, ಏನಾಯ್ತು?"

ಅವನು ಆಗಲೇ ಬಾಗಿಲು ದಾಟಿದ್ದ. ಎರಡೆರಡು ಮೆಟ್ಟಿಲು ಹಾರಿಕೊಂಡು ಹೋದವನ ಹಿಂದೆ ಅವಳೂ ಓಡಿದಳು.

ಏಳನೆಯ ಮೇಜಿನ ಮೇಲೆ, ಇಳಿಬಿಸಿಲು ಬೀಳುವಲ್ಲಿ, ಗಾಜಿನ ಲೋಟದಲ್ಲಿ ಹನ್ನೊಂದು ಪೆನ್ಸಿಲ್ ಮೊನೆ ಮೇಲಾಗಿ ನಿಂತಿದ್ದವು. ಒಂದರ ಮೊನೆಯೂ ಸವೆದಿರಲಿಲ್ಲ.

"ಬಾರಪ್ಪ ಮೌನಿ, ಬಾ," ಎಂದರು ದೊಡ್ಡಕ್ಕ. "ನೋಡು, ಈ ವಯಸ್ಸಲ್ಲಿ ನನಗೂ ಒಬ್ಬ ಅಭಿಮಾನಿ. ಸೋಮವಾರಕ್ಕೊಂದು ತಪ್ಪದೆ ಇಡ್ತಿದ್ದ. ಇವತ್ತು ಮಾತ್ರ ಕೈಕೊಟ್ಟ."

"ಅದು ನಾನೇ, ದೊಡ್ಡಕ್ಕ. ಎಣಿಕೆ ತಪ್ಪಿತು."

ದೊಡ್ಡಕ್ಕ ಕನ್ನಡಕದ ಮೇಲಿಂದ ಅವನನ್ನು ನೋಡಿದರು. ಏದುಸಿರು ಬಿಡುತ್ತ ಹಿಂದೆ ನಿಂತವಳನ್ನು ನೋಡಿದರು. ಕೊನೆಗೆ ಪ್ರಿಂಟರನ್ನು ನೋಡಿ ನಿಟ್ಟುಸಿರಿಟ್ಟರು. "ಶಾಲು ಮಡಿಸಿಟ್ಟಿದ್ದೂ ನೀನೇನಾ? ಪೆನ್ಸಿಲ್ ಬೇಕಾದ್ರೆ ತಗೊಂಡು ಹೋಗು. ಆ ಮಡಿಕೆ ಮಾತ್ರ ನನ್ನದೇ. ನನ್ನ ಶಾಲನ್ನ ಇದುವರೆಗೂ ಯಾರೂ ಅಷ್ಟು ಚೆನ್ನಾಗಿ ಮಡಿಸಿಲ್ಲ." ಆಮೇಲೆ ಅವಳ ಕಡೆ ತಿರುಗಿದರು. "ನೀನೂ ಒಂದು ತಗೋಳೇ ಅಂತ ಎಷ್ಟು ಸಲ ಅಂದೆ. ಮುಟ್ಟಲಿಲ್ಲ."

"ಯಾರೋ ನಿಮಗೆ ಅಂತ ಅಷ್ಟು ಅಕ್ಕರೆಯಿಂದ ಹೆರೆದಿದ್ದು. ನಾನು ಹೇಗೆ ತಗೊಳ್ಳಲಿ?" ಎಂದಳು ಅವಳು. ದನಿ ಸಣ್ಣಗಾಗಿತ್ತು. ಆ ಮಾತು ದೊಡ್ಡಕ್ಕನಿಗಾದರೂ ನೋಟ ಅವನ ಮೇಲಿತ್ತು. "ಸೋಮವಾರ ಬಂತು ಅಂದ್ರೆ ಹೊಟ್ಟೆ ಉರೀತಿತ್ತು. ನನಗೆ ಹೀಗೆ ಯಾರೂ ಮಾಡಲ್ವಲ್ಲ ಅಂತ."

ಅವನು ಜೇಬಿನಿಂದ ಹನ್ನೆರಡನೆಯದನ್ನು ತೆಗೆದ. ಅದರ ಜೊತೆ ಪತ್ರವೂ ಬಂತು.

"ಇದೇನು?"

"ದೂರದ ಆಫೀಸು. ಮೂರು ವರ್ಷ. ಐದಕ್ಕೆ ಉತ್ತರ ಕೊಡಬೇಕು."

"ಹೋಗ್ತೀನಿ ಅಂತ ಹೊರಟಿದ್ರಾ?"

"ನೀವು ಬೇಡ ಅಂದ್ರಿ ಅಂದ್ಕೊಂಡೆ."

"ನಾನಾ? ಯಾವಾಗ?"

"ಹನ್ನೊಂದು ಸಲ."

ಅವಳು ನಗಲು ಹೋದಳು, ಕಣ್ಣು ತುಂಬಿತು. ಪೆನ್ಸಿಲನ್ನು ಅವನ ಕೈಯಿಂದ ತೆಗೆದುಕೊಂಡು, ಚಾಕುವಿನ ಗುರುತುಗಳ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ತನ್ನ ಮೋಟನ್ನು ಅವನಿಗೆ ಕೊಟ್ಟಳು. "ಉತ್ತರ ಬರೀರಿ. ಏನು ಬರೀಬೇಕು ಅಂತ ನಾನು ಹೇಳಲ್ಲ." ಹುಬ್ಬು ಮಾತ್ರ ಮೇಲೇರಿತು.

ಈ ಸಲ ಅವನು ಕಣ್ಣು ಇಳಿಸಲಿಲ್ಲ. "ನೀವಂದ್ರೆ ನನಗೆ ಇಷ್ಟ," ಎಂದ. ಆ ದಿನ ಅವನು ಆಡಿದ ಮಾತುಗಳಲ್ಲಿ ಎಣಿಕೆ ತಪ್ಪದೆ ಸರಿಯಾದ ಮೇಜಿಗೆ ಹೋಗಿದ್ದು ಅದೊಂದೇ.

"ಗೊತ್ತಾಯ್ತು, ನನಗೂನೂ," ಎಂದಳು ಅವಳು, ದೊಡ್ಡಕ್ಕ ಇದ್ದಾರೆಂಬುದನ್ನೂ ಮರೆತು.

ಐದಕ್ಕೆ ಐದು ನಿಮಿಷವಿರುವಾಗ ಪತ್ರ ಮ್ಯಾನೇಜರ ಕೈಸೇರಿತು. ಸಹಿಯ ಜಾಗದಲ್ಲಿ ಮೋಟು ಪೆನ್ಸಿಲಿನ ದಪ್ಪಕ್ಷರದಲ್ಲಿ "ಇಲ್ಲೇ ಇರುತ್ತೇನೆ" ಎಂದಿತ್ತು.

ಮುಂದಿನ ಸೋಮವಾರ ಅವನು ಎರಡು ಪೆನ್ಸಿಲ್ ಹೆರೆದ. ಒಂದನ್ನು ದೊಡ್ಡಕ್ಕನ ಲೋಟದಲ್ಲಿಟ್ಟು, ಜಾರಿದ್ದ ಶಾಲನ್ನು ಮಡಿಸಿ ಹಾಕಿದ. ಆರು ಎಂದು ಬರೆದಿದ್ದ ಮೇಜನ್ನು ಓದಿಕೊಂಡೇ ಹುಡುಕಿದ. ಅಷ್ಟು ಬೆಳಿಗ್ಗೆಯೇ ಅಲ್ಲಿ ಅವಳು ಬಂದು ಕುಳಿತಿದ್ದಳು.

"ಎಷ್ಟು ಹೊತ್ತು ಕಾಯಿಸ್ತೀಯ?" ಎಂದು ಕೈ ಚಾಚಿದಳು.